ಎರಡು ಗೆರೆಗಳ ನಡುವಿನ ಬೀದಿ

ಕಾಲುವೆ ಬೀದಿಯ ಜನ ಅವಳ ವಿಷಯಕ್ಕೆ ಒಂದು ಮಾತು ಹೇಳುತ್ತಿದ್ದರು: ಈ ಬೀದಿಯಲ್ಲಿ ಅವಳ ಮುಂದೆ ಎರಡೂ ಕೈ ಎತ್ತಿ ನಿಲ್ಲದವರು ಯಾರೂ ಇಲ್ಲ, ಠಾಣೆಯ ದಫೇದಾರರೂ ಸೇರಿ. ಅಳತೆ ಕೊಡಲು ನಿಂತವರನ್ನು ಮಾತಾಡಿಸುತ್ತಲೇ ಅವಳು ಟೇಪು ಸುತ್ತಿ ಬಿಚ್ಚಿಬಿಡುತ್ತಿದ್ದಳು. ಯಾರ ಹೊಟ್ಟೆ ಮುಂದೆ ಬಂದಿದೆ, ಯಾರ ಭುಜ ಒಂದು ಕಡೆ ಜೋತಿದೆ, ಯಾರು ಚಿಂತೆಯಲ್ಲಿ ಸೊರಗಿದ್ದಾರೆ, ಎಲ್ಲ ಅವಳ ಟೇಪಿಗೆ ಗೊತ್ತಿತ್ತು. ಒಬ್ಬರ ಅಳತೆ ಇನ್ನೊಬ್ಬರ ಕಿವಿಗೆ ಬಿದ್ದದ್ದಿಲ್ಲ. ಊರವರ ಸೊಂಟವೆಲ್ಲ ಟೇಪಿನಕ್ಕನ ಹೊಟ್ಟೆಯಲ್ಲಿದೆ ಎಂದು ಪಕ್ಕದ ಇಸ್ತ್ರಿ ಅಂಗಡಿಯವಳು ಹೇಳಿ ಹೇಳಿ ನಗುತ್ತಿದ್ದಳು. ಟೇಪಿನಕ್ಕ ಎಂಬ ಹೆಸರು ಹಾಗೆ ಅಂಟಿಕೊಂಡದ್ದು. ಹೆತ್ತವರು ಇಟ್ಟ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕೆಲಸಕ್ಕೆ ಬರಲಿಲ್ಲ.

ಅವಳು ಪುರಸಭೆಯ ಮೆಂಬರ್ ಆದದ್ದೂ ಹೆಚ್ಚುಕಡಿಮೆ ಹಾಗೆಯೇ, ತಾನಾಗಿ ಅಂಟಿಕೊಂಡು. ಆ ವಾರ್ಡು ಬಹಳ ಕಾಲ ಮರದ ಡಿಪೋ ಯಜಮಾನರದಾಗಿತ್ತು. ಒಂದು ಸಲ ಅದು ಹೆಂಗಸರಿಗೆ ಮೀಸಲಾಯಿತು. ಯಜಮಾನರು ಪಕ್ಕದ ವಾರ್ಡಿಗೆ ಹಾರಿ, ಇಲ್ಲಿಗೆ ತಮ್ಮ ಹೆಂಡತಿಯನ್ನು ನಿಲ್ಲಿಸಲು ಹೊರಟರು. ಆ ತಾಯಿ, ಮನೆಯಲ್ಲಿ ನಿಮ್ಮ ಭಾಷಣ ಕೇಳುವುದೇ ಸಾಕಾಗಿದೆ, ಅಲ್ಲಿಗೂ ಬಂದು ಕೇಳಲೇ ಎಂದು ಬಾಗಿಲು ಹಾಕಿಕೊಂಡರಂತೆ. ಯಜಮಾನರು ನೇರವಾಗಿ ಟೇಪಿನಕ್ಕನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, ನೀನೇ ನಿಲ್ಲು ಎಂದರು. ಅವಳು ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು, ಬೇಡ ಎನ್ನಲು ಆಗಲಿಲ್ಲ. ಹೂಂ ಎಂದಳೆಂದು ಯಜಮಾನರು ಎದ್ದು ಹೋದರು. ಇದು ಅವಳ ಗಂಡ ಹೇಳುವ ಕಥೆ. ಗಂಡನದು ನೀರಿನ ಪಂಪು ರಿಪೇರಿಯ ಕೆಲಸ. ದಿನಕ್ಕೊಂದು ಮಾತಾಡಿದರೆ ಹೆಚ್ಚು, ಆಡಿದರೆ ಇಂಥದೇ.

ಗೆದ್ದ ಮೇಲೆ ಅವಳು ಹೊಲಿಗೆ ಬಿಡಲಿಲ್ಲ. ಬೀದಿದೀಪ ಕೆಟ್ಟವರು, ನಲ್ಲಿ ಬತ್ತಿದವರು, ಮೋರಿ ಕಟ್ಟಿಕೊಂಡವರು ಅಂಗಡಿಗೇ ಬರುತ್ತಿದ್ದರು. ಅವಳು ಮಿಷನ್ ತುಳಿಯುತ್ತಲೇ ಕೇಳಿಸಿಕೊಂಡು, ಸಂಜೆ ಹೋಗಿ ಪುರಸಭೆಯವರನ್ನು ಎಳೆದುಕೊಂಡು ಬರುತ್ತಿದ್ದಳು. ಮೋರಿ, ದೀಪ, ನಲ್ಲಿ ಕಣ್ಣಿಗೆ ಕಾಣುವಂಥವು, ಅವಳಿಗೆ ಅರ್ಥವಾಗುತ್ತಿದ್ದವು. ಅರ್ಥವಾಗದೇ ಇದ್ದದ್ದು ನಕ್ಷೆ ಮಾತ್ರ. ಸಭೆಯ ಮೇಜಿನ ಮೇಲೆ ನಕ್ಷೆ ಹರಡಿದರೆ ಅವಳಿಗೆ ಯಾರೋ ಚೆಲ್ಲಿದ ಬಣ್ಣದಂತೆ ಕಾಣುತ್ತಿತ್ತು. ಬೇರೆ ಮೆಂಬರುಗಳು ಬಗ್ಗಿ ನೋಡಿ ತಲೆ ಆಡಿಸುತ್ತಿದ್ದರು. ಅವಳೂ ಬಗ್ಗಿ ನೋಡಿ ತಲೆ ಆಡಿಸುತ್ತಿದ್ದಳು.

ಆ ಪುರಸಭೆಯಲ್ಲಿ ಎಲ್ಲೂ ಬರೆದಿಡದ ಒಂದು ಪದ್ಧತಿ ಇತ್ತು. ಯಾವ ವಾರ್ಡಿನ ಜಾಗದ ವಿಷಯವೋ ಆ ವಾರ್ಡಿನ ಮೆಂಬರೇ ಎದ್ದು ಮಂಡಿಸಬೇಕು. ಅವರು ಎದ್ದರೆ ಉಳಿದವರು ಕಣ್ಣು ಮುಚ್ಚಿ ಕೈ ಎತ್ತುತ್ತಾರೆ. ಅವರು ಕೂತಿದ್ದರೆ ವಿಷಯವೂ ಕೂತುಬಿಡುತ್ತದೆ. ನಿನ್ನ ತಟ್ಟೆಗೆ ನಾನು ಕೈ ಹಾಕುವುದಿಲ್ಲ, ನನ್ನ ತಟ್ಟೆಗೆ ನೀನು ಹಾಕಬೇಡ, ಇಷ್ಟೇ. ಇದರಿಂದ ಜಗಳ ಕಡಿಮೆ, ಸಭೆ ಊಟದ ಹೊತ್ತಿಗೆ ಮುಗಿಯುತ್ತದೆ ಎಂದು ಯಜಮಾನರು ಅವಳಿಗೆ ಮೊದಲ ದಿನವೇ ಪಾಠ ಹೇಳಿದ್ದರು.

ಹೀಗಿರುವಾಗ ಊರಿನ ನಕ್ಷೆಯನ್ನು ಹೊಸದಾಗಿ ಮಾಡುವ ಕಾಲ ಬಂತು. ಎಲ್ಲಿ ಮನೆ ಇರಬೇಕು, ಎಲ್ಲಿ ಅಂಗಡಿ, ಎಲ್ಲಿ ಕಾರ್ಖಾನೆ ಎಂದು ಬಣ್ಣ ಹಚ್ಚಿ ತೀರ್ಮಾನಿಸುವ ನಕ್ಷೆ ಅದು. ಮನೆಗಳಿಗೆ ಹಳದಿ, ವ್ಯಾಪಾರಕ್ಕೆ ನೀಲಿ. ಕಾಲುವೆ ಬೀದಿ ಹಿಂದಿನಿಂದಲೂ ಹಳದಿ. ಹಳದಿಯೊಳಗೆ ಅಂಗಡಿ ಇಡುವಂತಿಲ್ಲ. ಆದರೆ ಅಲ್ಲಿ ಮುಂದಿನ ಕೋಣೆಯಲ್ಲಿ ಏನಾದರೊಂದು ಇಟ್ಟುಕೊಳ್ಳದ ಮನೆಯೇ ಇರಲಿಲ್ಲ: ಇಸ್ತ್ರಿ, ಗಡಿಯಾರ ರಿಪೇರಿ, ಕ್ಷೌರ, ಅವಳದೇ ಹೊಲಿಗೆ. ಆಗಾಗ ಪುರಸಭೆಯಿಂದ ನೋಟಿಸು ಬರುತ್ತಿತ್ತು, ಎಲ್ಲರೂ ಒಂದು ವಾರ ಬಾಗಿಲು ಅರ್ಧ ಎಳೆದುಕೊಂಡು ಕೂರುತ್ತಿದ್ದರು. ಮೆಂಬರಿನ ಮನೆಗೂ ಬರುತ್ತಿತ್ತು ನೋಟಿಸು. ಆದ್ದರಿಂದ ಕಾಲುವೆಯ ಎರಡೂ ದಂಡೆಯನ್ನು ನೀಲಿ ಮಾಡಿ, ರಸ್ತೆ ಅಗಲ ಮಾಡುವ ಪ್ರಸ್ತಾಪ ಬಂದಾಗ ಬೀದಿಗೆ ಬೀದಿಯೇ ಅವಳ ಅಂಗಡಿ ಮುಂದೆ ಸೇರಿತು. ನೀಲಿ ಆಗಲಿ, ಆದರೆ ಮನೆ ಹೋಗಬಾರದು. ಅದನ್ನೊಂದು ನೋಡಿಕೊಂಡು ಬಾ ಎಂದರು. ಅವಳು ಆಯಿತು ಎಂದಳು.

ಸಭೆಗೆ ಮುಂಚೆ ನಕ್ಷೆ ನೋಡಲು ಅವಳು ಪುರಸಭೆಗೆ ಹೋದಳು. ಯೋಜನಾ ವಿಭಾಗದ ಅಧಿಕಾರಿ ಕಾಲುವೆ ಬೀದಿಯ ಭಾಗವನ್ನೇ ದೊಡ್ಡದು ಮಾಡಿಸಿದ ಹಾಳೆಯನ್ನು ಬಿಚ್ಚಿ, ನಾಲ್ಕು ಮೂಲೆಗೂ ಪೇಪರ್‌ವೇಟ್ ಇಟ್ಟ. ಅವಳು ಬಗ್ಗಿದಳು. ಮೊದಲ ಬಾರಿಗೆ ಒಂದು ನಕ್ಷೆ ಅವಳ ಕಣ್ಣಿಗೆ ಕಣ್ಣು ಕೊಟ್ಟಿತು.

ಮನೆಗಳ ಮುಂದೆ ಒಂದು ಗಟ್ಟಿ ಗೆರೆ ಹೋಗಿತ್ತು. ಮನೆಗಳ ಹಿಂದೆ, ಹಿತ್ತಲಿನ ಗೋಡೆಯ ಬಳಿ, ಒಂದು ಚುಕ್ಕಿ ಗೆರೆ. ಬೀದಿಯ ಮನೆಗಳೆಲ್ಲ ಆ ಎರಡು ಗೆರೆಗಳ ನಡುವೆ ಅಚ್ಚುಕಟ್ಟಾಗಿ ಕೂತಿದ್ದವು. ಬಟ್ಟೆಯ ಮೇಲೆ ಇಟ್ಟು ಕತ್ತರಿಸುವ ಕಾಗದದ ಪಡಿಯಚ್ಚನ್ನು ಅವಳು ಹುಡುಗಿಯಾಗಿದ್ದಾಗಿನಿಂದ ನೋಡಿದವಳು. ಗಟ್ಟಿ ಗೆರೆ ಕತ್ತರಿಗೆ, ಚುಕ್ಕಿ ಗೆರೆ ಸೂಜಿಗೆ. ನಡುವೆ ಇರುವುದು ಒಳಗೆ ಮಡಿಸಿಟ್ಟುಕೊಳ್ಳುವ ಬಟ್ಟೆ. ಅದನ್ನು ಯಾರೂ ಬಿಸಾಡುವುದಿಲ್ಲ; ನಾಳೆ ಮೈ ತುಂಬಿದರೆ ಬಿಚ್ಚಿಕೊಳ್ಳಲು ಅದೇ ಆಧಾರ. ಕತ್ತರಿ ಹೋಗುವುದು ಮನೆಗಳ ಮುಂದಿನ ಗೆರೆಯ ಮೇಲೆ. ಮನೆಗಳು ಒಳಗೆ. ಮನೆಗಳು ಉಳಿಯುತ್ತವೆ.

ಅಧಿಕಾರಿ ಪೆನ್ನಿನ ತುದಿಯಿಂದ ಅಲ್ಲಿ ಇಲ್ಲಿ ತೋರಿಸಿ ಏನೇನೋ ಹೇಳಿದ. ಅವನ ಮಾತು ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ, ಈ ಕಡೆಗೂ ಬೆಳಕಿಲ್ಲ ಆ ಕಡೆಗೂ ಇಲ್ಲ. ಬೇರೆ ದಿನವಾಗಿದ್ದರೆ ಅವಳು ಇನ್ನೊಂದು ಸಲ ಕೇಳುತ್ತಿದ್ದಳೋ ಏನೋ. ಅವತ್ತು ಕೇಳಬೇಕೆನಿಸಲಿಲ್ಲ. ಗೊತ್ತಿರುವುದನ್ನು ಯಾರು ಕೇಳುತ್ತಾರೆ?

ಮನೆಗೆ ಬಂದು ಕತ್ತರಿಸುವ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಎರಡೂ ಗೆರೆ ಎಳೆದು ಎಲ್ಲರಿಗೂ ತೋರಿಸಿದಳು. ನಡುವೆ ಗುಂಡಿಗಳನ್ನು ಸಾಲಾಗಿ ಇಟ್ಟಳು: ಇದು ಇಸ್ತ್ರಿಯವಳ ಮನೆ, ಇದು ಗಡಿಯಾರದವರದು, ಇದು ನಮ್ಮದು. ಗಡಿಯಾರದವನು, ನನ್ನ ಮನೆಗೆ ಇಷ್ಟು ಸಣ್ಣ ಗುಂಡಿಯೇನಕ್ಕ, ಕೋಟಿನ ಗುಂಡಿ ಇಡು ಎಂದ. ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ. ಆ ಮನೆ ಅತ್ತೆಯದು. ಗಂಡ ಸತ್ತ ಮೇಲೆ ಬೇರೆಯವರ ಮನೆಯಲ್ಲಿ ಮುಸುರೆ ತಿಕ್ಕಿ ಗೋಡೆ ಎಬ್ಬಿಸಿದವರು. ಅವರು ಮೇಜಿನ ಹತ್ತಿರ ಬಂದು ಚುಕ್ಕಿ ಗೆರೆಯ ಮೇಲೆ ಬೆರಳಿಟ್ಟರು.

"ನಮ್ಮನ್ನ ಮುಟ್ಟಲ್ಲ ಅಂದಮೇಲೆ ಈ ಗೆರೆ ನಮ್ಮ ಹಿತ್ತಲಿಗೆ ಯಾಕೆ ಬಂತೇ?"

"ಅದು ಹೊಲಿಗೆ ಗೆರೆ ಅತ್ತೆ."

"ರಸ್ತೆಗೆ ಹೊಲಿಗೆ ಹಾಕ್ತಾರಾ?"

"ನೀವು ಸುಮ್ನಿರಿ. ನಾನು ನೋಡಿದೀನಿ."

ಅತ್ತೆ ಬೆರಳಿನ ಸೀಮೆಸುಣ್ಣ ಒರೆಸಿಕೊಂಡು ಒಳಗೆ ಹೋದರು. ಸೊಸೆ ಬಟ್ಟೆ ಕೆಡಿಸಿದ್ದನ್ನು ಅವರು ಒಂದು ದಿನವೂ ನೋಡಿರಲಿಲ್ಲ. ಆ ನಂಬಿಕೆಗೆ ಸುಮ್ಮನಾದರು.

ಸಭೆಯಲ್ಲಿ ಅವಳು ಎದ್ದು ಮಂಡಿಸಿದಳು. ಉಳಿದವರು ಕೈ ಎತ್ತಿದರು. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಅಧ್ಯಕ್ಷರು ಮುಂದಿನ ವಿಷಯ ಎಂದರು, ಅದು ಯಾವುದೋ ಶೌಚಾಲಯದ್ದು, ಅದಕ್ಕೆ ದೊಡ್ಡ ಗಲಾಟೆಯಾಯಿತು.

ಆಮೇಲೆ ಆಕ್ಷೇಪಣೆ ಇದ್ದವರು ಬರೆದುಕೊಡಿ ಎಂದು ಪುರಸಭೆಯ ಗೋಡೆಗೆ ಪ್ರಕಟಣೆ ಅಂಟಿಸಿದರು. ಕಾಲುವೆಯ ಆಚೆ ದಂಡೆಯವರು, ಅವರೂ ಅವಳ ವಾರ್ಡಿನವರೇ, ಗುಂಪು ಕಟ್ಟಿಕೊಂಡು ಹೋಗಿ ಕೊಟ್ಟರು. ಆ ಸುದ್ದಿ ಕೇಳಿ ಇಸ್ತ್ರಿಯವಳು ಬಂದು, ನಾವೂ ಒಂದು ಕೊಡೋಣವೇ ಎಂದಳು. ಟೇಪಿನಕ್ಕ ಕಾಲರ್ ತಿರುಗಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು:

"ಅವರಿಗೆ ಗೊತ್ತಿಲ್ಲ, ಓಡಾಡ್ತಾರೆ. ನಮಗೇನೂ ಆಗಲ್ಲ ಕಣೇ. ಬೇಡ."

ಆ ಬೇಡ ಎಂಬುದು ಇಸ್ತ್ರಿ ಅಂಗಡಿಯಿಂದ ಗಡಿಯಾರದ ಅಂಗಡಿಗೆ, ಅಲ್ಲಿಂದ ಕ್ಷೌರದವರಿಗೆ ಹೋಯಿತು. ಬೀದಿಯಿಂದ ಒಂದು ಕಾಗದವೂ ಹೋಗಲಿಲ್ಲ. ಆಕ್ಷೇಪಣೆಯ ಗಡುವು ಮುಗಿಯಿತು. ನಕ್ಷೆ ಮೇಲಿನ ಕಚೇರಿಗೆ ಹೋಗಿ ಮುದ್ರೆ ಹಾಕಿಸಿಕೊಂಡು ಬಂತು.

ಅಳತೆಯವರು ಬಂದದ್ದು ಒಂದು ಬೆಳಿಗ್ಗೆ, ಬೀದಿಯವರು ಇನ್ನೂ ಹಲ್ಲುಜ್ಜುತ್ತಿದ್ದಾಗ. ಅವಳು ಮೆಂಬರಲ್ಲವೇ, ಜೊತೆಯಲ್ಲೇ ನಡೆದಳು. ಅವರು ಮನೆಗಳ ಮುಂದೆ ಒಂದು ಗುರುತು ಹಾಕಿದರು. ಸರಿ. ಆಮೇಲೆ ಸಂದಿಯಲ್ಲಿ ನುಗ್ಗಿ ಹಿತ್ತಲಿಗೆ ಹೋಗಿ ಹಿಂದಿನ ಗೋಡೆಗಳಿಗೆ ಕೆಂಪು ಬಣ್ಣ ಬಳಿಯತೊಡಗಿದರು. ಇದು ಯಾಕಪ್ಪ ಎಂದು ಅವಳು ಕೇಳಿದಳು. ಅವರಲ್ಲಿ ಹಿರಿಯನಾದವನು ಬ್ರಷ್ಷನ್ನು ಡಬ್ಬಿಯ ಅಂಚಿಗೆ ಸವರುತ್ತ, ಯಾರಿಗೋ ದಾರಿ ಹೇಳುವ ದನಿಯಲ್ಲಿ ಹೇಳಿದ: ಮುಂದಿನ ಗೆರೆ ರಸ್ತೆಯ ಅಂಚು. ಹಿಂದಿನ ಗೆರೆಯಿಂದಾಚೆಗೆ ಕಟ್ಟಡ ಇರಬಹುದು. ನಡುವೆ ಏನೂ ಇರುವಂತಿಲ್ಲ.

"ಏನೂ ಅಂದ್ರೆ?"

"ಏನೂ ಅಂದ್ರೆ ಏನೂ ಇಲ್ಲಮ್ಮ. ಖಾಲಿ ಬಿಡಬೇಕು."

ಅವಳಿಗೆ ಏನೂ ಆಗಲಿಲ್ಲ. ಮಿಷನ್ನಿನ ಸೂಜಿ ಉಗುರಿನೊಳಗೆ ಇಳಿದಾಗ ಮೊದಲ ಗಳಿಗೆ ನೋವೇ ಇರುವುದಿಲ್ಲವಲ್ಲ, ಬೆರಳನ್ನು ಬೇರೆ ಯಾರದ್ದೋ ಎಂಬಂತೆ ನೋಡುತ್ತೇವಲ್ಲ, ಆ ಗಳಿಗೆ ಬಂತು. ಬಂದದ್ದು ಹೋಗಲಿಲ್ಲ. ಅವಳು ಅವರ ಜೊತೆ ಬೀದಿಯ ಕೊನೆಯವರೆಗೂ ನಡೆದಳು. ಬಟ್ಟೆ ಒಣಹಾಕಿದ್ದ ಒಂದು ಮನೆಯಲ್ಲಿ ಬಣ್ಣ ತಗಲದ ಹಾಗೆ ಹಗ್ಗ ಸರಿಸಿಯೂ ಕೊಟ್ಟಳು.

ಮರದ ಡಿಪೋಗೆ ಹೋದಾಗ ಯಜಮಾನರು ಲೆಕ್ಕ ಬಿಟ್ಟು ಎದ್ದು ಬಂದರು. ಅವಳು ಗೆರೆಯ ವಿಷಯ ಹೇಳಿದಳು, ಪಡಿಯಚ್ಚಿನ ವಿಷಯವನ್ನೂ ಹೇಳಿದಳು. ಅವರು ಗದ್ದ ತುರಿಸಿಕೊಂಡರು. ನಿನ್ನ ವಾರ್ಡು, ನೀನು ಎದ್ದೆ, ನಾವು ಕೈ ಎತ್ತಿದೆವು. ನಮ್ಮಲ್ಲಿ ಯಾರೂ ಆ ಹಾಳೆ ಸರಿಯಾಗಿ ನೋಡಲಿಲ್ಲ ತಂಗಿ ಎಂದರು. ಒಂದೇ ದಾರಿ ಇದೆ, ಸಭೆಯಲ್ಲಿ ಎದ್ದು ಮರುಪರಿಶೀಲನೆ ಕೇಳು ಎಂದರು. ಕಾರಣ ಕೇಳಿದರೆ ಎಂದಳು. ಇದ್ದದ್ದು ಹೇಳು ಎಂದರು.

ಅವಳು ಇದ್ದದ್ದು ಹೇಳಿದಳು. ಮುಂದಿನ ಸಭೆಯಲ್ಲಿ ಎದ್ದು ನಿಂತು, ನನಗೆ ನಕ್ಷೆ ಗೊತ್ತಾಗಲಿಲ್ಲ, ಗೊತ್ತಾಯಿತು ಅಂದುಕೊಂಡೆ, ತಪ್ಪಾಯಿತು ಎಂದಳು. ಹಿಂದಿನ ಸಾಲಿನಿಂದ ಒಬ್ಬರು, ಇಲ್ಲಿ ಯಾರಿಗಮ್ಮ ಗೊತ್ತಾಗುತ್ತೆ ಎಂದರು, ಕೆಲವರು ನಕ್ಕರು. ಕೆಟ್ಟ ನಗೆಯಲ್ಲ, ಒಬ್ಬರನ್ನೊಬ್ಬರು ಗುರುತು ಹಿಡಿದವರ ನಗೆ. ಅಧಿಕಾರಿ ಎದ್ದು ವಿವರಿಸಿದ: ಆಚೆ ದಂಡೆಯವರ ಆಕ್ಷೇಪಣೆ ಇತ್ತು, ಅದನ್ನು ನೋಡಿ ಮೇಲಿನ ಕಚೇರಿಯವರು ಅಲ್ಲಿ ಹಿಂದಿನ ಗೆರೆಯನ್ನು ಮನೆಗಳ ಮುಂದಕ್ಕೆ ತಂದಿದ್ದಾರೆ, ಆ ಮನೆಗಳು ಉಳಿದವು. ಕಾಲುವೆ ಬೀದಿಯ ಕಡೆಯಿಂದ ಏನೂ ಬರಲಿಲ್ಲ, ಒಪ್ಪಿಗೆ ಎಂದೇ ಲೆಕ್ಕ. ಇನ್ನು ಗೆರೆ ಸರಿಸುವುದು ಪುರಸಭೆಯ ಕೈಯಲ್ಲಿಲ್ಲ. ಅವತ್ತು ಅವನ ಮಾತು ಬಹಳ ಸ್ಪಷ್ಟವಾಗಿತ್ತು. ಅಧ್ಯಕ್ಷರು ಅವಳನ್ನೇ ನೋಡುತ್ತ, ಕೂತ್ಕೊಳ್ಳಿ ಅಮ್ಮ ಎಂದು ಮೆತ್ತಗೆ ಹೇಳಿದರು. ಅವಳು ಕೂತಳು. ಯಾರೋ ಮುಂದೆ ಸರಿಸಿದ ಚಹಾ ಕುಡಿದಳು. ಬಿಸಿಯಿತ್ತೋ ಇಲ್ಲವೋ ಆಮೇಲೆ ಕೇಳಿದ್ದರೆ ಹೇಳಲಾಗುತ್ತಿರಲಿಲ್ಲ.

ಬೀದಿಗೆ ಹೇಳಬೇಕಿತ್ತು. ಅವಳು ಮನೆ ಮನೆಗೂ ಹೋಗಿ ಹೇಳಿದಳು, ಮೊದಲ ಮನೆಯಲ್ಲಿ ಹೇಳಿದ ಮಾತನ್ನೇ ಕೊನೆಯ ಮನೆಯಲ್ಲೂ. ಗಡಿಯಾರದವನು ಕಣ್ಣಿಗೆ ಸಿಕ್ಕಿಸಿದ ಗಾಜು ತೆಗೆಯದೆ ಕೇಳಿದ. ಕ್ಷೌರದವನ ತಾಯಿ, ಕೋತಿ ತಾನು ಕೆಡೋದಲ್ಲದೆ ವನವನ್ನೆಲ್ಲ ಕೆಡಿಸಿತು ಎಂದು ಗೋಡೆಗೆ ಹೇಳಿದಂತೆ ಹೇಳಿದರು. ಅವಳು ಅದಕ್ಕೂ ಹೌದು ಎಂದಳು. ಇಸ್ತ್ರಿಯವಳು ಮಾತ್ರ ಬಾಗಿಲಿಗೆ ಅಡ್ಡ ನಿಂತು, ಕೆಂಡ ತುಂಬಿದ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು:

"ನಾನು ಕೇಳಿದ್ನಲ್ಲಕ್ಕ. ಕೊಡೋಣ್ವಾ ಅಂತ ನಾನು ಬಂದು ಕೇಳಿದ್ನಲ್ಲ?"

"ಕೇಳಿದ್ದೆ."

"ತಲೆ ಎತ್ತಿ ನೋಡಿದ್ರೂ ಸಾಕಿತ್ತು."

ಇಸ್ತ್ರಿಯವಳು ಒಳಗೆ ಹೋಗಿ ಪೆಟ್ಟಿಗೆ ಇಟ್ಟ ಸದ್ದಾಯಿತು, ಆಮೇಲೆ ಹೊರಗೆ ಬರಲಿಲ್ಲ.

ಜಗಳವಾಗಿದ್ದರೆ ಒಳ್ಳೆಯದಿತ್ತು ಎಂದು ಅವಳ ಗಂಡನಿಗೆ ಅನಿಸುತ್ತಿತ್ತು. ಯಾರೂ ಕಲ್ಲು ಹೊಡೆಯಲಿಲ್ಲ, ಶಾಪ ಹಾಕಲಿಲ್ಲ. ಬಂದು ಹೊಲಿಯಲು ಕೊಟ್ಟ ಬಟ್ಟೆಗಳನ್ನು ವಾಪಸು ಕೇಳಿದರು, ಅಷ್ಟೇ. ಕೆಲವರು ನೆಪ ಹೇಳಿದರು, ಕೆಲವರು ಹೇಳಲಿಲ್ಲ. ಅವಳು ಒಂದೊಂದನ್ನೇ ಮಡಿಸಿ, ಕತ್ತರಿಸಿ ಆಗಿದ್ದನ್ನು ತುಂಡುಗಳ ಸಮೇತ ಗಂಟು ಕಟ್ಟಿ ಕೊಟ್ಟಳು. ಕಪಾಟು ಖಾಲಿಯಾಯಿತು. ಮಿಷನ್ನಿನ ಮುಂದೆ ಕೂತರೆ ಕಾಲು ತಾನಾಗಿ ತುಳಿಯುತ್ತಿತ್ತು. ಸೂಜಿ ಬಟ್ಟೆಯಿಲ್ಲದೆ ಮೇಲೆ ಕೆಳಗೆ ಆಡುತ್ತಿತ್ತು. ಒಂದು ದಿನ ಅತ್ತೆ ಬಂದು ಚಕ್ರದ ಮೇಲೆ ಕೈ ಇಟ್ಟು ನಿಲ್ಲಿಸಿದರು. ಅತ್ತೆಗೆ ಸಿಟ್ಟು ಬಂದರೆ ಬೀದಿಗೆಲ್ಲ ಕೇಳುತ್ತಿದ್ದ ಕಾಲವಿತ್ತು. ಈಗ, ಊಟಕ್ಕೆ ಏಳು ಎಂದರು. ಅವಳು ಎದ್ದಳು. ಉಪ್ಪು ಕಡಿಮೆಯಿತ್ತೆಂದು ಗಂಡ ಹೇಳಿದ್ದರಿಂದ ಗೊತ್ತಾಯಿತು.

ಪರಿಹಾರದ ಮಾತು ಬಂತು, ಊರಾಚೆ ಹೊಸ ಬಡಾವಣೆಯಲ್ಲಿ ಜಾಗ ಕೊಡುವ ಮಾತು ಬಂತು. ಅಧಿಕಾರಿ ಅವಳನ್ನು ಪಕ್ಕಕ್ಕೆ ಕರೆದು, ಮೆಂಬರಿಗೆ ಮೂಲೆಯ ನಿವೇಶನ ಮೊದಲೇ ತೆಗೆದಿಟ್ಟಿದ್ದೇನೆ ಎಂದ. ಬೇರೆಯವರೆಲ್ಲ ಆರಿಸಿಕೊಂಡ ಮೇಲೆ ಉಳಿದದ್ದು ಕೊಡಿ ಎಂದು ಅವಳು ಹೇಳಿದಳು. ಇದನ್ನು ಕೇಳಿ ಬೀದಿಯಲ್ಲಿ ಕೆಲವರು, ಈಗ ದೊಡ್ಡಸ್ತಿಕೆ ತೋರಿಸುತ್ತಾಳೆ ಎಂದರು. ಅತ್ತೆ ಮಾತ್ರ ಮನೆಯಲ್ಲಿ, ನನ್ನ ಮನೆಗೆ ಸಿಗಬೇಕಾದ ಮೂಲೆ ನೀನು ಯಾರೇ ಬಿಡೋಕೆ ಎಂದು ಕೇಳಿದರು. ಅವಳು ಅತ್ತೆಯ ಮುಖ ನೋಡಿದಳು. ಸಮಾಧಾನ ಹೇಳಬೇಕು ಎಂಬುದು ಗೊತ್ತಾಯಿತು, ಎದ್ದು ಹೋಗಿ ದೀಪ ಹಾಕಿದಳು.

ಒಂದೊಂದೇ ಮನೆ ಖಾಲಿಯಾಗತೊಡಗಿತು. ಕೈಗಾಡಿಗಳಲ್ಲಿ ಮಂಚ, ಪೆಟ್ಟಿಗೆ, ಕುರ್ಚಿ ಹೋದವು. ಬಾಗಿಲು ಕಿಟಕಿಗಳನ್ನು ಕಿತ್ತುಕೊಂಡು ಹೋದ ಮನೆಗಳು ಕಣ್ಣು ಹೋದವರಂತೆ ನಿಂತವು. ಇಸ್ತ್ರಿಯವಳು ಹೊರಡುವ ದಿನ ಟೇಪಿನಕ್ಕ ಹೋಗಿ ಮೇಜಿನ ಒಂದು ತುದಿ ಹಿಡಿದಳು. ಇಸ್ತ್ರಿಯವಳು ಬೇಡ ಎನ್ನಲಿಲ್ಲ. ಗಾಡಿಗೆ ಏರಿಸುವಾಗ, ಸ್ವಲ್ಪ ಎತ್ತು ಎಂದಳು. ಅದೊಂದೇ ಮಾತು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೂ ಟೇಪಿನಕ್ಕ ನಿಂತಿದ್ದಳು, ಆಮೇಲೆ ಹೋಗಿ ಒಳಗೆ ಕೂತಳು.

ತಾನು ಎಲ್ಲರಿಗಿಂತ ಕೊನೆಗೆ ಹೊರಡುವುದು ಎಂದು ಅವಳು ಯಾರಿಗೂ ಹೇಳಿರಲಿಲ್ಲ. ಆದರೂ ಗಂಡನಿಗೆ ಗೊತ್ತಿತ್ತು. ಅವನು ತಾಯಿಯನ್ನು ತಂಗಿಯ ಮನೆಗೆ ಕಳಿಸಿ, ಮಿಷನ್ನನ್ನು ಕಂಬಳಿ ಸುತ್ತಿ ಗಾಡಿಗೆ ಕಟ್ಟಿ, ಮುಂದೆ ಹೋಗುತ್ತೇನೆ, ಕತ್ತಲಾಗುವುದರೊಳಗೆ ಬಾ ಎಂದ. ಬರುತ್ತೇನೆ ಎಂದಳು. ಅತ್ತೆ ಹೊರಡುವಾಗ ಗೋಡೆ ಮುಟ್ಟಿದರು, ಬಾಗಿಲ ಚೌಕಟ್ಟು ಮುಟ್ಟಿದರು, ಅತ್ತರು. ಅವಳು ಪಕ್ಕದಲ್ಲಿ ನಿಂತು ಅವರ ಚೀಲ ಹಿಡಿದುಕೊಂಡಿದ್ದಳು.

ಎಲ್ಲರೂ ಹೋದ ಮೇಲೆ ಮನೆ ಗುಡಿಸಿದಳು. ಬೀಳುವ ಮನೆಯನ್ನು ಯಾಕೆ ಗುಡಿಸುತ್ತಾರೆ ಎಂದು ಕೇಳಲು ಯಾರೂ ಇರಲಿಲ್ಲ. ಕಪಾಟು ಇದ್ದ ಜಾಗದಲ್ಲಿ ಗೋಡೆಯ ಬಣ್ಣ ಹೊಸದಾಗಿತ್ತು. ಅಡುಗೆ ಕೋಣೆಯ ನಲ್ಲಿ ಬಿಗಿಮಾಡಿದಳು. ಕಸವನ್ನು ಮೊರದಲ್ಲಿ ತೆಗೆದು ಹಿತ್ತಲಿಗೆ ಹಾಕಿ, ಕೈ ತೊಳೆದು, ಮುಂದಿನ ಕೋಣೆಗೆ ಬಂದಳು.

ಬಾಗಿಲಲ್ಲಿ ಅಧಿಕಾರಿ ನಿಂತಿದ್ದ. ಅವನ ಹಿಂದೆ, ಬೀದಿಯ ತುದಿಯಲ್ಲಿ, ಹಳದಿ ಯಂತ್ರವೊಂದು ಗುರುಗುಡುತ್ತಿತ್ತು. ಅದರ ಚಾಲಕ ಕೆಳಗಿಳಿದು ಕಾಲುವೆ ಕಟ್ಟೆಯ ಮೇಲೆ ಬುತ್ತಿ ಬಿಚ್ಚಿಕೊಂಡು ಕೂತಿದ್ದ. ಅಧಿಕಾರಿ ಒಂದು ಹಾಳೆ ಚಾಚಿದ. ಬೀದಿಯಲ್ಲಿ ಯಾರೂ ಉಳಿದಿಲ್ಲ ಎಂದು ವಾರ್ಡಿನ ಮೆಂಬರು ಸಹಿ ಮಾಡಿಕೊಟ್ಟರೆ ಮಾತ್ರ ಕೆಲಸ ಶುರು ಮಾಡಬಹುದಂತೆ, ಅದು ನಿಯಮವಂತೆ. ಹೇಳುವಾಗ ಅವನು ಅವಳ ಮುಖ ನೋಡಲಿಲ್ಲ.

ಅವಳು ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು ಮೊದಲಿಂದ ಕೊನೆಯವರೆಗೆ ಓದಿದಳು. ಒಂದು ಮಾತು ಅರ್ಥವಾಗಲಿಲ್ಲ, ಕೇಳಿದಳು. ಅವನು ಹೇಳಿದ. ಇನ್ನೊಂದು ಸಲ ಹೇಳಿ ಎಂದಳು. ಅವನು ಇನ್ನೊಂದು ಸಲ ಹೇಳಿದ. ಆಮೇಲೆ ಪೆನ್ನು ಕೇಳಿದಳು.

ಅಧಿಕಾರಿ ಪೆನ್ನು ಕೊಡಲು ಹಿಂದೆಮುಂದೆ ನೋಡಿದ.

"ನೀವು ಇನ್ನೂ ಒಳಗಿದ್ದೀರಲ್ಲಮ್ಮ," ಎಂದ. "ಹೊರಗೆ ಬಂದು ಹಾಕಿ."

ಅವಳು ತಲೆಯಾಡಿಸಿದಳು. ಚಪ್ಪಲಿ ಮೆಟ್ಟಿಕೊಂಡು, ಹೊಸ್ತಿಲು ದಾಟಿ ಬೀದಿಗೆ ಇಳಿದಳು.